ಆ ತೂತು ಇನ್ನೂ ಏಕೆ ಹೋಗಿಲ್ಲ?

ಹೊಸ ಫೋನು ಮಾರುಕಟ್ಟೆಗೆ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಯೊಂದಿದೆ. ಪರದೆ ಮಡಚುವಂತಾಯಿತು, ಸುತ್ತಲಿನ ಅಂಚು ತೆಳ್ಳಗಾಯಿತು, ಬೆರಳಚ್ಚು ಓದುವ ಸಾಧನ ಗಾಜಿನಡಿಗೆ ಹೋಯಿತು. ನೆತ್ತಿಯ ಮೇಲಿನ ಆ ಕಪ್ಪು ತೂತು ಮಾತ್ರ ಏಕೆ ಹಾಗೇ ಉಳಿದಿದೆ? ಸೆಲ್ಫಿ ಕ್ಯಾಮೆರಾವನ್ನೂ ಪರದೆಯ ಕೆಳಕ್ಕೆ ತಳ್ಳಲು ಏನು ಕಷ್ಟ? ತಳ್ಳಿದವರಿದ್ದಾರೆ. 2020ರಲ್ಲಿ ಚೀನಾದ ಝಡ್‌ಟಿಇ ಕಂಪನಿ ಆಕ್ಸಾನ್ 20 ಎಂಬ ಫೋನಿನಲ್ಲಿ 32 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಪರದೆಯಡಿ ಇಟ್ಟು ಮಾರಿತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಇಂಥ ಫೋನುಗಳಲ್ಲಿ ಅದೇ ಮೊದಲನೆಯದು. ಮರುವರ್ಷ ಶವೋಮಿಯ ಮಿಕ್ಸ್ 4 ಬಂತು, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಝಡ್ ಫೋಲ್ಡ್ 3 ಬಂತು. ಫೋಲ್ಡ್ ಫೋನಿನ ಒಳಪರದೆಯಡಿ ಅಡಗಿದ 4 ಮೆಗಾಪಿಕ್ಸೆಲ್ ಕ್ಯಾಮೆರಾ ನಾಲ್ಕು ತಲೆಮಾರು ಹಾಗೇ ಮುಂದುವರಿಯಿತು. ಆಮೇಲೆ, 2025ರ ಫೋಲ್ಡ್ 7ರಲ್ಲಿ, ಅದೇ ಕಂಪನಿ ಹಿಂದೆ ಸರಿದು ಒಳಪರದೆಗೂ ತೂತು ಕೊರೆದು 10 ಮೆಗಾಪಿಕ್ಸೆಲ್ ಕ್ಯಾಮೆರಾ ಕೂರಿಸಿತು. ಕೈಗೆ ಬಂದಿದ್ದ ವಿದ್ಯೆಯನ್ನು ಬಿಟ್ಟು ಒಂದು ಕಂಪನಿ ತೂತಿಗೆ ಮರಳಿತೆಂದರೆ ಕಾರಣ ಬೇಕಲ್ಲ. ನನ್ನ ವಾದ ಇಷ್ಟೇ: ಪರದೆಯಡಿ ಅಡಗಿಸುವ ಸಾಧನಗಳಲ್ಲಿ ಎರಡು ಜಾತಿ. ಕೆಲವು ಅಳೆಯುತ್ತವೆ, ಕೆಲವು ನೋಡುತ್ತವೆ. ಅಳೆಯುವುದನ್ನು ಅಡಗಿಸಬಹುದು, ಈಗಾಗಲೇ ಅಡಗಿಸಿದ್ದೂ ಆಗಿದೆ. ನೋಡುವುದನ್ನು ಅಡಗಿಸಿದರೆ ಅದು ಅಷ್ಟರಮಟ್ಟಿಗೆ ಕುರುಡಾಗುತ್ತದೆ. ಆ ಕುರುಡುತನವನ್ನು ಒಪ್ಪಿಕೊಳ್ಳಲು ತಕ್ಕ ಲಾಭ ಎಲ್ಲಿದೆ ಎಂದು ಕೇಳಿದರೆ, ಫೋನಿನಲ್ಲಿ ಅದು ಬಹಳ ಕಡಿಮೆ.

ಮೊದಲು ಪರದೆಯ ಒಳಗಿಳಿದು ನೋಡೋಣ. ಕ್ಯಾಮೆರಾ ಅಡಗಿಸಲು ಓಎಲ್‌ಇಡಿ ಪರದೆಯೇ ಬೇಕಾಗಿರುವುದಕ್ಕೆ ಕಾರಣವಿದೆ. ಹಳೆಯ ಎಲ್‌ಸಿಡಿಯ ಬೆನ್ನಿಗೆ ಇಡೀ ಪರದೆಯನ್ನು ಬೆಳಗುವ ದೀಪದ ಹಾಳೆ ಅಂಟಿಕೊಂಡಿರುತ್ತದೆ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಹೊಳೆಯುತ್ತದೆ, ಆದ್ದರಿಂದ ಬೆನ್ನು ಖಾಲಿ. ಆದರೆ ಮೇಲಿನಿಂದ ಬಂದ ಬೆಳಕು ಆ ಬೆನ್ನಿನ ತನಕ ತಲುಪಬೇಕಾದರೆ ಸಾಲುಸಾಲು ಸುಂಕದ ಕಟ್ಟೆಗಳನ್ನು ದಾಟಬೇಕು. ಹೊರಗಾಜು ದಾಟಿದ ಕೂಡಲೇ ಸಿಗುವುದು ಧ್ರುವೀಕರಣದ ಪದರ. ಬಿಸಿಲಲ್ಲಿ ಪರದೆಯೊಳಗಿನ ಲೋಹದಿಂದ ಬೆಳಕು ಪ್ರತಿಫಲಿಸಿ ಚಿತ್ರ ಮಸುಕಾಗದಿರಲೆಂದು ಇಟ್ಟಿರುವ ಪದರ ಅದು. ಎಲ್ಲ ಬಣ್ಣಗಳಿಗೂ ಒಂದೇ ಸಮನಾಗಿ ಕೆಲಸ ಮಾಡುವ ಇಂಥ ಫಲಕಗಳ ಜೋಡಣೆಯನ್ನು 1955ರಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ ಲೆಕ್ಕಹಾಕಿ ತೋರಿಸಿದ್ದರು. ಕಣ್ಣಿಗೆ ಉಪಕಾರಿಯಾದ ಈ ಪದರ ಕ್ಯಾಮೆರಾಕ್ಕೆ ಶತ್ರು. ಬಂದ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಅದೇ ನುಂಗುತ್ತದೆ. ಅದರ ಕೆಳಗೆ ಇಡೀ ಪರದೆಗೆ ಬಳಿದಂತಿರುವ ಮೆಗ್ನೀಸಿಯಂ ಮತ್ತು ಬೆಳ್ಳಿಯ ತೆಳು ಲೇಪ. ಅದರಡಿ ಬೆಳಕು ತೂರಲಾಗದ ಚುಕ್ಕಿಗಳು, ಅವುಗಳಿಗೆ ವಿದ್ಯುತ್ ಒಯ್ಯುವ ತಂತಿ ಮತ್ತು ಟ್ರಾನ್ಸಿಸ್ಟರುಗಳ ಜಾಲ. ಕೊನೆಗೆ ಬಾಗುವ ಪರದೆಯಾದರೆ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್. ಅದರ ಬಣ್ಣವೇ ತುಸು ಹಳದಿ, ನೀಲಿಯನ್ನು ಅದು ಹೀರುತ್ತದೆ. ಪ್ರತಿ ಕಟ್ಟೆಯಲ್ಲೂ ಬೆಳಕು ಸುಂಕ ಕಟ್ಟಲೇಬೇಕು, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ.

ಕೊನೆಗೆ ಕೈಗೆ ಎಷ್ಟು ಉಳಿಯುತ್ತದೆ? ಮೈಕ್ರೋಸಾಫ್ಟ್‌ನ ಸಂಶೋಧಕರು ಎರಡು ಬಗೆಯ ಪರದೆಗಳನ್ನು ಕ್ಯಾಮೆರಾದ ಮುಂದಿಟ್ಟು ಅಳೆದಿದ್ದಾರೆ. ಗಾಜಿನ ಮೇಲೆ ಕಟ್ಟಿದ ಪಾರದರ್ಶಕ ಓಎಲ್‌ಇಡಿಯಲ್ಲಿ ಶೇ. 20ರಷ್ಟು ಬೆಳಕು ದಾಟಿತು. ಫೋನಿನಲ್ಲಿರುವಂಥ, ಪಾಲಿಇಮೈಡ್ ತಳದ ಪರದೆಯಲ್ಲಿ ದಾಟಿದ್ದು ಶೇ. 2.9 ಮಾತ್ರ. ಈ ಅಂಕಿಗಳನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡಿ. ಟ್ಯೂಬ್‌ಲೈಟಿನ ಕೋಣೆಯಲ್ಲಿ ತೆರೆದ ಕ್ಯಾಮೆರಾಕ್ಕೆ ಒಂದು ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕೆಂದುಕೊಳ್ಳೋಣ. ಅಷ್ಟೇ ಬೆಳಕು ಕೂಡಿಹಾಕಲು ಮೊದಲ ಪರದೆಯ ಹಿಂದಿನ ಕ್ಯಾಮೆರಾ ಸೆಕೆಂಡಿನ ಆರನೇ ಒಂದು ಭಾಗ ಕಾಯಬೇಕು. ಎರಡನೆಯದು ಒಂದು ಸೆಕೆಂಡಿಗಿಂತ ಹೆಚ್ಚು. ಅಷ್ಟರಲ್ಲಿ ತೊಡೆಯ ಮೇಲಿನ ಮಗು ತಲೆ ಎರಡು ಸಲ ತಿರುಗಿಸಿರುತ್ತದೆ. ಕಾಯದೆ ಚಿತ್ರ ತೆಗೆದರೆ ಕತ್ತಲು, ಆ ಕತ್ತಲನ್ನು ಎಲೆಕ್ಟ್ರಾನಿಕ್ಸ್‌ನಿಂದ ಹಿಗ್ಗಿಸಿದರೆ ಮುಖದ ತುಂಬ ರವೆ ಚೆಲ್ಲಿದಂತೆ ಕಲೆಗಳು. ಸ್ಯಾಮ್‌ಸಂಗ್ ತನ್ನ ಫೋಲ್ಡ್ 3ಕ್ಕೆ 4 ಮೆಗಾಪಿಕ್ಸೆಲ್ ಸಾಕೆಂದದ್ದು ಇದೇ ಕಾರಣಕ್ಕೆ: ಕ್ಯಾಮೆರಾದ ಒಂದೊಂದು ಚುಕ್ಕಿಯನ್ನೂ ಎರಡು ಮೈಕ್ರಾನ್ ಅಗಲ ಮಾಡಿದರೆ ಸಿಕ್ಕಿದಷ್ಟು ಬೆಳಕನ್ನಾದರೂ ಹಿಡಿಯಬಹುದು. ಅದೇ ಫೋನಿನಲ್ಲಿ ಧ್ರುವೀಕರಣದ ಪದರವನ್ನೇ ತೆಗೆದುಹಾಕಿ ಅದರ ಕೆಲಸವನ್ನು ಬಣ್ಣದ ಸೋಸುಕಗಳಿಗೆ ವಹಿಸಿದ್ದೂ ಉಂಟು. ಇದರಿಂದ ಬೆಳಕಿನ ಹರಿವು ಶೇ. 33ರಷ್ಟು ಹೆಚ್ಚಿತೆಂದು ಕಂಪನಿ ಹೇಳಿತು. ಇವು ಸಣ್ಣ ಸಾಧನೆಗಳಲ್ಲ. ಆದರೂ ಇವೆಲ್ಲ ಸುಂಕದಲ್ಲಿ ಸಿಕ್ಕ ರಿಯಾಯಿತಿ, ವಿನಾಯಿತಿಯಲ್ಲ.

ಬೆಳಕು ಕಡಿಮೆಯಾಗುವುದು ಒಂದು ತೊಂದರೆಯಾದರೆ, ಉಳಿದ ಬೆಳಕು ದಾರಿ ತಪ್ಪುವುದು ಅದಕ್ಕಿಂತ ದೊಡ್ಡದು. ಇದಕ್ಕೆ ಇನ್ನೂರನಲವತ್ತು ವರ್ಷದ ಹಿಂದಿನ ಒಂದು ಕರವಸ್ತ್ರ ಸಾಕ್ಷಿ. 1785ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರಾನ್ಸಿಸ್ ಹಾಪ್‌ಕಿನ್‌ಸನ್ ಎಂಬವರು ರೇಷ್ಮೆಯ ಕರವಸ್ತ್ರವನ್ನು ಕಣ್ಣಿಗೆ ಅಡ್ಡ ಹಿಡಿದು ದೂರದ ಬೀದಿದೀಪ ನೋಡಿದರು. ದೀಪದ ಸುತ್ತ ಪಟ್ಟೆಪಟ್ಟೆಯಾಗಿ ಏನೋ ಕಂಡಿತು, ಬಟ್ಟೆಯನ್ನು ಅತ್ತಿತ್ತ ಸರಿಸಿದರೂ ಆ ಪಟ್ಟೆಗಳು ಕದಲಲಿಲ್ಲ. ಗೆಳೆಯ, ಖಗೋಳಜ್ಞ ಡೇವಿಡ್ ರಿಟನ್‌ಹೌಸ್ ಕೂದಲೆಳೆಗಳನ್ನು ಸಮಾನಾಂತರವಾಗಿ ಬಿಗಿದು ಪ್ರಯೋಗ ಮಾಡಿ, ಕಿರಿದಾದ ಸಂದುಗಳ ಮೂಲಕ ಹಾಯುವ ಬೆಳಕು ಬಾಗುತ್ತದೆ, ಬಣ್ಣಬಣ್ಣವಾಗಿ ಹರಡುತ್ತದೆ ಎಂದು ಕಂಡುಕೊಂಡರು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ವಿವರ್ತನೆ ಎನ್ನುತ್ತಾರೆ. ರಾತ್ರಿ ಛತ್ರಿಯ ಬಟ್ಟೆಯ ಮೂಲಕ ದೂರದ ಬೀದಿದೀಪ ನೋಡಿದರೆ ಕಾಣುವ ಶಿಲುಬೆಯಾಕಾರದ ಬೆಳಕೂ ಇದೇ. ಫೋನಿನ ಪರದೆಯಂತೂ ಯಾವ ನೇಕಾರನೂ ನೇಯಲಾರದಷ್ಟು ಕರಾರುವಾಕ್ಕಾದ ಬಟ್ಟೆ. ಇಂಚಿಗೆ 400 ಚುಕ್ಕಿಗಳಿದ್ದರೆ ಎರಡು ಚುಕ್ಕಿಗಳ ನಡುವಿನ ದೂರ 63.5 ಮೈಕ್ರಾನ್. ಹಸಿರು ಬೆಳಕಿನ ತರಂಗಾಂತರ ಸುಮಾರು 0.55 ಮೈಕ್ರಾನ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬೆಳಕು ಅರ್ಧ ಡಿಗ್ರಿ ಓರೆಯಾಗುತ್ತದೆಂದು ಸಿಗುತ್ತದೆ. ಅರ್ಧ ಡಿಗ್ರಿ ಯಾವ ಮಹಾ ಎನಿಸಬಹುದು. ಆದರೆ ಮಸೂರಕ್ಕೂ ಸೆನ್ಸರಿಗೂ ಮೂರು ಮಿಲಿಮೀಟರ್ ಅಂತರವಿದ್ದು, ಸೆನ್ಸರಿನ ಚುಕ್ಕಿ ಒಂದು ಮೈಕ್ರಾನ್ ಇದ್ದರೆ, ಆ ಅರ್ಧ ಡಿಗ್ರಿ ಎಂದರೆ 26 ಚುಕ್ಕಿಗಳಷ್ಟು ದೂರ. ಒಂದು ದೀಪದ ಪಕ್ಕ, 26 ಚುಕ್ಕಿಗಳಾಚೆ, ಅದರದೇ ಭೂತ. ನೀಲಿಗೆ ಆ ದೂರ 21, ಕೆಂಪಿಗೆ 31. ಹಾಗಾಗಿ ಭೂತವೂ ಕಾಮನಬಿಲ್ಲಿನ ಚೂರಾಗಿ ಕಾಣುತ್ತದೆ. ಇದರಲ್ಲಿ ಇನ್ನೊಂದು ಸಿಕ್ಕು ಇದೆ. ಚುಕ್ಕಿಗಳು ಒತ್ತೊತ್ತಾದಷ್ಟೂ ಬೆಳಕು ಹೆಚ್ಚು ಓರೆಯಾಗುತ್ತದೆ. ಪರದೆ ಚೆನ್ನಾದಷ್ಟೂ ಅದರ ಹಿಂದಿನ ಕಣ್ಣಿಗೆ ಕಷ್ಟ.

ಈಗ ಅಡಗಿ ಗೆದ್ದವರ ಕಡೆ ನೋಡೋಣ. ಬಿಸಿಲಿಗೆ ಬಂದ ಕೂಡಲೇ ಪರದೆಯ ಹೊಳಪು ಏರುತ್ತದಲ್ಲ, ಆ ಬೆಳಕನ್ನು ಅಳೆಯುವ ಸೆನ್ಸರ್ ಇಂದು ಅನೇಕ ಫೋನುಗಳಲ್ಲಿ ಪರದೆಯಡಿಯೇ ಇದೆ. ಅದಕ್ಕೆ ಬೇಕಾದದ್ದು ಚಿತ್ರವಲ್ಲ, ಒಂದು ಸಂಖ್ಯೆ. ಬೆಳಕಿನ ಬಹುಪಾಲು ದಾರಿಯಲ್ಲೇ ಸೋರಿಹೋದರೂ ಎಷ್ಟು ಸೋರುತ್ತದೆಂದು ಮೊದಲೇ ಗೊತ್ತಿದ್ದರೆ ಗುಣಿಸಿ ಲೆಕ್ಕ ಸರಿಮಾಡಬಹುದು. ಬೆಳಕು ಅರ್ಧ ಡಿಗ್ರಿ ವಾಲಿದರೆ ಅದಕ್ಕೇನೂ ನಷ್ಟವಿಲ್ಲ. ಅದರ ನಿಜವಾದ ಕಷ್ಟ ಬೇರೆ: ತಲೆಯ ಮೇಲೆಯೇ ಹೊಳೆಯುತ್ತಿರುವ ಪರದೆಯ ಬೆಳಕನ್ನು ಹೊರಗಿನ ಬೆಳಕಿನಿಂದ ಬೇರ್ಪಡಿಸುವುದು. ಪರದೆಯ ಚುಕ್ಕಿಗಳು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಆರಿ ಹೊತ್ತುವ ನಡುವಿನ ಕತ್ತಲಲ್ಲಿ ಅದು ಅಳತೆ ಮಾಡಿಕೊಳ್ಳುತ್ತದೆ. ಬೆರಳಚ್ಚಿನ ಕಥೆಯೂ ಹೀಗೆಯೇ. 2018ರ ಜನವರಿಯಲ್ಲಿ ವಿವೋ ಕಂಪನಿಯ ಎಕ್ಸ್20 ಪ್ಲಸ್ ಯುಡಿ ಫೋನಿನೊಡನೆ ಪರದೆಯಡಿಯ ಬೆರಳಚ್ಚು ಮಾರುಕಟ್ಟೆಗೆ ಬಂತು. ಅಲ್ಲಿ ಬೆರಳು ಗಾಜಿಗೆ ಒತ್ತಿಕೊಂಡೇ ಇರುತ್ತದೆ, ಬೆಳಗಲು ಪರದೆಯೇ ಟಾರ್ಚು ಹಿಡಿಯುತ್ತದೆ, ಬೆರಳಿನ ಗೆರೆಗಳ ನಡುವೆ ಸುಮಾರು ಅರ್ಧ ಮಿಲಿಮೀಟರ್ ಅಂತರ. ಅಂದರೆ ಪರದೆಯ ಚುಕ್ಕಿಗಳ ಅಂತರದ ಏಳೆಂಟು ಪಟ್ಟು. ಇಷ್ಟು ಒರಟು ಚಿತ್ರ ಜರಡಿಯ ಹಿಂದಿನಿಂದಲೂ ತಿಳಿಯುತ್ತದೆ. 2019ರ ಗ್ಯಾಲಕ್ಸಿ ಎಸ್10 ಬೆಳಕನ್ನೂ ಬಿಟ್ಟು ಶ್ರವಣಾತೀತ ಶಬ್ದದ ಅಲೆಗಳಿಂದ ಬೆರಳನ್ನು ತಡವಿತು.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ಪರದೆಯಡಿಯ ಬೆರಳಚ್ಚೂ ಮೊದಮೊದಲು ನಿಧಾನವಾಗಿತ್ತು, ತಪ್ಪುತ್ತಿತ್ತು. ಎಸ್10ರಲ್ಲಂತೂ ಸಿಲಿಕೋನ್ ಹೊದಿಕೆ ಹಾಕಿದರೆ ಯಾರ ಬೆರಳಿಗಾದರೂ ಫೋನು ತೆರೆದುಕೊಳ್ಳುತ್ತದೆಂದು ಬಯಲಾಗಿ, ಕಂಪನಿ ಸಾಫ್ಟ್‌ವೇರ್ ತಿದ್ದಿತು. ಅದು ಸುಧಾರಿಸಿದಂತೆ ಕ್ಯಾಮೆರಾವೂ ಸುಧಾರಿಸುವುದಿಲ್ಲವೇ? ಸುಧಾರಿಸುತ್ತದೆ, ಸುಧಾರಿಸಿದೆ ಕೂಡ. ಮೊದಲು ಕ್ಯಾಮೆರಾದ ಮೇಲಿನ ಜಾಗದಲ್ಲಿ ಚುಕ್ಕಿಗಳನ್ನೇ ವಿರಳ ಮಾಡುತ್ತಿದ್ದರು. ಬಿಳಿ ಪುಟ ತೆರೆದರೆ ಅಲ್ಲಿ ಸೊಳ್ಳೆ ಪರದೆಯ ತೇಪೆ ಹಾಕಿದಂತೆ ಕಾಣುತ್ತಿತ್ತು. ಆಮೇಲೆ ಚುಕ್ಕಿಗಳ ಸಂಖ್ಯೆಯನ್ನು ಹಾಗೇ ಉಳಿಸಿ ಗಾತ್ರವನ್ನು ಕುಗ್ಗಿಸಿದರು. ಮಿಕ್ಸ್ 4ರಲ್ಲೂ ಆಕ್ಸಾನ್ 30ರಲ್ಲೂ ಆ ಜಾಗದಲ್ಲಿ ಇಂಚಿಗೆ 400 ಚುಕ್ಕಿಗಳಿದ್ದವು. ನೇರ ತಂತಿಗಳು ಬೆಳಕನ್ನು ಒಂದೇ ದಿಕ್ಕಿಗೆ ಚಿಮ್ಮಿಸುತ್ತವೆಂದು ಅವನ್ನು ಬಾಗಿಸಿದರು, ಪಾರದರ್ಶಕ ತಂತಿ ಬಳಸಿದರು. ಕೆನಡಾದ ಓಟಿಐ ಲುಮಿಯಾನಿಕ್ಸ್ ಕಂಪನಿ ಲೋಹ ಅಂಟದಂಥ ಸಾವಯವ ಲೇಪವನ್ನು ಕಂಡುಹಿಡಿದು, ಕ್ಯಾಮೆರಾದ ಮೇಲೆ ಲೋಹದ ಪದರವೇ ಕೂರದಂತೆ ಮಾಡಿತು. ಆದರೆ ಪ್ರತಿ ಪರಿಹಾರಕ್ಕೂ ಒಂದು ಬೆಲೆ ಇದೆ. ಚುಕ್ಕಿ ಕುಗ್ಗಿದರೆ ಅಕ್ಕಪಕ್ಕದವರಷ್ಟೇ ಹೊಳೆಯಲು ಅದು ಹೆಚ್ಚು ದುಡಿಯಬೇಕು. ಹೆಚ್ಚು ದುಡಿದ ಓಎಲ್‌ಇಡಿ ಬೇಗ ಮುಪ್ಪಾಗುತ್ತದೆ. ಬೆರಳಚ್ಚಿನಲ್ಲಿ ಹೀಗೆ ಪರದೆಗೂ ಸೆನ್ಸರಿಗೂ ಜಗಳವಿರಲಿಲ್ಲ, ಅದರ ಅಡ್ಡಿಗಳು ವೇಗದವು, ನಿಖರತೆಯವು. ಕ್ಯಾಮೆರಾದ ಅಡ್ಡಿ ಒಂದೇ ಜಾಗಕ್ಕೆ ಇಬ್ಬರು ಹಕ್ಕುದಾರರು ಇರುವುದರದ್ದು. ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಂದ ಕಿತ್ತದ್ದೇ. ಜೊತೆಗೆ ತೂತಿನ ಕ್ಯಾಮೆರಾವೇನೂ ನಿಂತಲ್ಲೇ ನಿಂತಿಲ್ಲ. ಅಡಗಿದ್ದು ಒಂದು ಹೆಜ್ಜೆ ಇಟ್ಟಾಗ ಅದೂ ಒಂದು ಹೆಜ್ಜೆ ಮುಂದಿಟ್ಟಿರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಮಸೂರದ ಕೊರತೆಯನ್ನು ಲೆಕ್ಕದಿಂದ ತುಂಬುವ ಕಾಲವಿದು, ಕೃತಕ ಬುದ್ಧಿಮತ್ತೆಗೆ ಮಂಜು ಒರೆಸುವುದು ಕಷ್ಟವೇ? ಈ ದಾರಿಯಲ್ಲಿ ಕೆಲಸ ನಡೆದಿರುವುದು ನಿಜ. 2020ರಲ್ಲಿ ಪರದೆಯಡಿಯ ಚಿತ್ರಗಳನ್ನು ಸರಿಪಡಿಸುವ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ನಡೆದಾಗ ನಮ್ಮ ಮದ್ರಾಸ್ ಐಐಟಿಯ ತಂಡವೂ ತನ್ನದೊಂದು ವಿಧಾನ ಮುಂದಿಟ್ಟಿತ್ತು. ಇದರ ಹಿಂದಿನ ತರ್ಕ ಸುಲಭ. ಪರದೆಯ ನೇಯ್ಗೆ ಗೊತ್ತು, ಆದ್ದರಿಂದ ಒಂದು ಬಿಂದು ಹೇಗೆ ಹರಡುತ್ತದೆಂದೂ ಗೊತ್ತು. ಹರಡಿದ್ದನ್ನು ಲೆಕ್ಕದಲ್ಲಿ ಹಿಂದಕ್ಕೆ ಗುಡಿಸಿ ಮತ್ತೆ ಬಿಂದುವಾಗಿಸಬಹುದು. ಬೆಳಕು ಧಾರಾಳವಾಗಿದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದನ್ನು ಅಲ್ಲಗಳೆಯಬಾರದು. ತೊಂದರೆ ಬರುವುದು ಎರಡು ಕಡೆ. ಬೆಳಕು ಕಡಿಮೆಯಿದ್ದಾಗ ಗುಡಿಸುವ ಪೊರಕೆ ಧೂಳನ್ನೂ ಸೇರಿಸಿ ರಾಶಿ ಹಾಕುತ್ತದೆ. ಚಿತ್ರದಲ್ಲಿ ದೀಪವೋ ಸೂರ್ಯನೋ ಇದ್ದರೆ ಆ ಜಾಗದಲ್ಲಿ ಸೆನ್ಸರ್ ತುಂಬಿ ತುಳುಕಿ ಲೆಕ್ಕವೇ ಕಳೆದುಹೋಗಿರುತ್ತದೆ, ಹಿಂದಕ್ಕೆ ಗುಡಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆಗ ಯಂತ್ರ ಮಾಡುವುದು ತಿದ್ದುವಿಕೆಯಲ್ಲ, ಊಹೆ. ಇಂಥ ಮುಖಕ್ಕೆ ಇಂಥ ಹುಬ್ಬು ಇರಬಹುದು ಎಂದು ತಾನು ನೋಡಿದ ಸಾವಿರಾರು ಮುಖಗಳಿಂದ ಎರವಲು ತಂದು ಅಂಟಿಸುತ್ತದೆ. ಇಂದು ತೂತಿನ ಕ್ಯಾಮೆರಾಗಳೂ ಊಹಿಸುತ್ತವೆ ಎಂದು ನೀವು ಹೇಳಬಹುದು. ಹೌದು, ಅವೂ ಬಣ್ಣ ಬಳಿಯುತ್ತವೆ. ಆದರೆ ಅನ್ನಕ್ಕೆ ಉಪ್ಪು ಹಾಕುವುದಕ್ಕೂ ಉಪ್ಪಿಗೇ ಅನ್ನ ಕಲಸುವುದಕ್ಕೂ ವ್ಯತ್ಯಾಸವಿದೆ. ಶೇ. 3ರಷ್ಟು ಬೆಳಕಿನಿಂದ ಶುರುಮಾಡಿದ ಚಿತ್ರದಲ್ಲಿ ಊಹೆಯ ಪಾಲು ಅನಿವಾರ್ಯವಾಗಿ ದೊಡ್ಡದು.

ಹಾಗಾದರೆ ಈ ವಿದ್ಯೆ ದಂಡವೇ? ಅಲ್ಲ. ಯಾರಿಗೆ, ಏತಕ್ಕೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರವಿದ್ದಲ್ಲಿ ಅದು ಸಲ್ಲುತ್ತದೆ. ಆಟವಾಡುವವರಿಗೆಂದೇ ಮಾಡಿದ ರೆಡ್‌ಮ್ಯಾಜಿಕ್ ಫೋನುಗಳು ಕ್ಯಾಮೆರಾವನ್ನು ಅಡಗಿಸುತ್ತವೆ. ಅಲ್ಲಿ ಇಡೀ ಪರದೆ ಮುಖ್ಯ, ಸೆಲ್ಫಿ ನೆಪಮಾತ್ರ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಮೈಕ್ರೋಸಾಫ್ಟ್‌ನವರು ಈ ಸಂಶೋಧನೆಗೆ ಕೈಹಾಕಿದ್ದೂ ಅದಕ್ಕೇ. ಅಮೆರಿಕದಲ್ಲಿರುವ ಮಗಳೊಡನೆ ಶಿವಮೊಗ್ಗದ ತಾಯಿ ಲ್ಯಾಪ್‌ಟಾಪಿನಲ್ಲಿ ಮಾತನಾಡುತ್ತಿದ್ದಾರೆಂದುಕೊಳ್ಳಿ. ತಾಯಿ ನೋಡುವುದು ಪರದೆಯ ನಡುವೆ ಇರುವ ಮಗಳ ಕಣ್ಣನ್ನು. ತಾಯಿಯನ್ನು ನೋಡುತ್ತಿರುವ ಕ್ಯಾಮೆರಾ ಅದಕ್ಕಿಂತ ಹತ್ತು ಸೆಂಟಿಮೀಟರ್ ಮೇಲೆ. ಅರವತ್ತು ಸೆಂಟಿಮೀಟರ್ ದೂರದಿಂದ ಇದು ಸುಮಾರು ಹತ್ತು ಡಿಗ್ರಿಯ ಓರೆ. ಹಾಗಾಗಿ ಮಗಳಿಗೆ ಕಾಣುವುದು ಸದಾ ಕಣ್ಣು ಕೆಳಗೆ ಮಾಡಿ ಮಾತನಾಡುವ ತಾಯಿ. ಎಷ್ಟು ವರ್ಷ ಮಾತನಾಡಿದರೂ ಇಬ್ಬರ ದೃಷ್ಟಿ ಒಮ್ಮೆಯೂ ಕೂಡುವುದಿಲ್ಲ. ಕ್ಯಾಮೆರಾ ಪರದೆಯ ನಡುವಿನಲ್ಲೇ, ಮುಖ ಕಾಣುವ ಜಾಗದ ಹಿಂದೆಯೇ ಇದ್ದರೆ ಮಾತ್ರ ಈ ಓರೆ ತಪ್ಪುತ್ತದೆ, ಅಲ್ಲಿ ತೂತು ಕೊರೆಯುವಂತಿಲ್ಲ. ದೊಡ್ಡ ಪರದೆಯಲ್ಲಿ ಚುಕ್ಕಿಗಳು ವಿರಳ, ಕ್ಯಾಮೆರಾದ ಮಸೂರವನ್ನೂ ಸೆನ್ಸರನ್ನೂ ದೊಡ್ಡದು ಮಾಡಲು ಜಾಗವುಂಟು, ಕೂತು ಮಾತನಾಡುವವರು ಹೆಚ್ಚು ಅಲುಗುವುದೂ ಇಲ್ಲ. ಸುಂಕ ಕಟ್ಟಿದರೂ ವ್ಯಾಪಾರದಲ್ಲಿ ಲಾಭವಿರುವುದು ಇಲ್ಲಿ. 2025ರಲ್ಲಿ ಲೆನೊವೊ ಪರದೆಯಡಿ ಕ್ಯಾಮೆರಾ ಇರುವ ಲ್ಯಾಪ್‌ಟಾಪನ್ನು ತಂದಿತು. ಆದರೆ ಅದನ್ನು ಇಟ್ಟದ್ದು ಮೇಲಂಚಿನ ಬಳಿ, ಅಂಚು ತೆಳ್ಳಗಾಗಲಿ ಎಂಬ ಉದ್ದೇಶಕ್ಕೆ. ಅಸ್ತ್ರ ಸರಿ, ಗುರಿ ತಪ್ಪು ಎನ್ನದೆ ವಿಧಿಯಿಲ್ಲ.

ಕೊನೆಯದಾಗಿ ಒಂದು ಮಾತು, ವಿನ್ಯಾಸಕಾರರು ಅಷ್ಟಾಗಿ ಆಡದ ಮಾತು. ಕಾಣುವ ಕ್ಯಾಮೆರಾ ಎದುರಿಗಿರುವವರಿಗೂ ಒಂದು ಸೂಚನೆ. ಇಲ್ಲೊಂದು ಕಣ್ಣಿದೆ, ಅದು ಈ ಕಡೆ ತಿರುಗಿದೆ ಎಂದು ಅದು ಹೇಳುತ್ತಲೇ ಇರುತ್ತದೆ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಕಾಗದದ ಚೂರು ಅಂಟಿಸುವವರು ಎಷ್ಟೋ ಮಂದಿ ಇದ್ದಾರೆ. ಕೆಲವು ತಯಾರಕರು ತಾವೇ ಸರಿಸುವ ಬಾಗಿಲು ಕೊಟ್ಟಿದ್ದಾರೆ. ಪರದೆಯೊಳಗಿನ ಕಣ್ಣಿಗೆ ಎಲ್ಲಿ ಅಂಟಿಸುವುದು? ಕ್ಯಾಮೆರಾ ಚಾಲೂ ಆದಾಗ ಮೂಲೆಯಲ್ಲಿ ಹಸಿರು ಚುಕ್ಕಿ ಬರುತ್ತದಲ್ಲ ಎನ್ನಬಹುದು. ಐಫೋನಿನಲ್ಲಿ 2020ರಿಂದ, ಆಂಡ್ರಾಯ್ಡಿನಲ್ಲಿ 2021ರಿಂದ ಅದು ಇದೆ, ಒಳ್ಳೆಯದೇ. ಆದರೆ ಆ ಚುಕ್ಕಿ ಕಾಣುವುದು ಫೋನು ಹಿಡಿದವರಿಗೆ, ಅದನ್ನು ಬಿಡಿಸುವುದು ಸಾಫ್ಟ್‌ವೇರ್. ತೂತಾದರೋ ಯಾರೂ ಅಳಿಸಲಾಗದ ಗುರುತು. ಹಿಂಬದಿಯ ಕ್ಯಾಮೆರಾಗಳು ಎದ್ದು ಕಾಣುವಾಗ ಮುಂದಿನದೊಂದು ಅಡಗಿದರೆ ಏನಾಯಿತು ಎಂಬ ಪ್ರತಿವಾದವನ್ನೂ ಒಪ್ಪುತ್ತೇನೆ, ಫೋನಿನ ಮಟ್ಟಿಗೆ. ನಾಳೆ ಬಸ್‌ನಿಲ್ದಾಣದ ಜಾಹೀರಾತು ಫಲಕಕ್ಕೋ ಅಂಗಡಿಯ ಪರದೆಗೋ ಇದೇ ವಿದ್ಯೆ ಬಂದರೆ ಆ ಪ್ರತಿವಾದ ನಿಲ್ಲುವುದಿಲ್ಲ. ಅಲ್ಲಿ ನಾವು ಜಾಹೀರಾತು ನೋಡುತ್ತಿರುತ್ತೇವೆ, ಜಾಹೀರಾತು ನಮ್ಮನ್ನು ನೋಡುತ್ತಿದೆಯೇ ಎಂದು ತಿಳಿಯಲು ನಮ್ಮ ಬಳಿ ಸಾಧನವೇ ಇರುವುದಿಲ್ಲ.

ಇಷ್ಟು ಹೇಳಿದ ಮೇಲೂ ತೂತಿಲ್ಲದ ಫೋನು ಕೊಳ್ಳಬೇಕೆನ್ನುವವರನ್ನು ನಾನು ತಡೆಯುವುದಿಲ್ಲ. ಸಿನಿಮಾ, ಆಟ, ಓದು ಇವೇ ಮುಖ್ಯವಾದವರಿಗೆ ಅದು ಸರಿಯಾದ ಆಯ್ಕೆಯೇ ಇರಬಹುದು. ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡಿ, ಅಷ್ಟು ಸಾಕು. ಪೂರ್ತಿ ಬಿಳಿಯ ಪುಟವೊಂದನ್ನು ತೆರೆದು, ಹೊಳಪು ಏರಿಸಿ, ಪರದೆಯನ್ನು ತುಸು ಓರೆಮಾಡಿ ನೆತ್ತಿಯ ಭಾಗ ನೋಡಿ. ತೇಪೆ ಕಂಡರೆ ಪರದೆ ಕ್ಯಾಮೆರಾಕ್ಕಾಗಿ ತನ್ನ ಪಾಲು ಬಿಟ್ಟುಕೊಟ್ಟಿದೆ. ಆಮೇಲೆ ಅಂಗಡಿಯ ದೀಪ ನಿಮ್ಮ ಹೆಗಲ ಹಿಂದೆ ಬರುವಂತೆ ನಿಂತು ಒಂದು ಸೆಲ್ಫಿ ತೆಗೆಯಿರಿ. ದೀಪದ ಪಕ್ಕ ಕಾಮನಬಿಲ್ಲಿನ ಚೂರುಗಳು ಕಂಡರೆ ಅದು ಹಾಪ್‌ಕಿನ್‌ಸನ್‌ರ ಕರವಸ್ತ್ರವೇ. ಎರಡೂ ಕಾಣದಂಥ ಫೋನು ಸಿಕ್ಕಿದರೆ ಕೊಳ್ಳಿ. ಸಿಗುವ ತನಕ ನೆತ್ತಿಯ ಆ ನಾಲ್ಕು ಮಿಲಿಮೀಟರನ್ನು ಕಣ್ಣಿಗೆಂದೇ ಬಿಟ್ಟುಕೊಡುವುದು ನನಗೆ ಅಂಥ ಅನ್ಯಾಯವಾಗಿ ಕಾಣುವುದಿಲ್ಲ.